ಮರಳಿ ಬರುವುದು: ಕ್ರೈಸ್ತ ಬದುಕಿನಲ್ಲಿ ಪಾಪನಿವೇದನೆ, ಪಶ್ಚಾತ್ತಾಪ, ಮರುಸಮರ್ಪಣೆ

ಕ್ರೈಸ್ತ ನಂಬಿಕೆಯಲ್ಲಿ ಪಾಪವೆಂದರೆ ಮೊದಲಿಗೆ ನಂಟಿನಲ್ಲಿ ಬಿದ್ದ ಬಿರುಕು. ದೇವರ ಆಜ್ಞೆ ಮೀರಿದ್ದು, ನೆರೆಯವರಿಗೆ ಕೇಡು ಮಾಡಿದ್ದು, ಮಾಡಬೇಕಾಗಿದ್ದ ಒಳ್ಳೆಯದನ್ನು ಮಾಡದೆ ಕೈಚೆಲ್ಲಿದ್ದು, ಇವೆಲ್ಲದರಲ್ಲೂ ದೇವರೊಂದಿಗಿನ ಸಂಬಂಧ ಮತ್ತು ಮನುಷ್ಯರೊಂದಿಗಿನ ಸಂಬಂಧ ಎರಡೂ ಒಟ್ಟಿಗೇ ಕೆಡುತ್ತವೆ. ಹೀಗಾಗಿ ಪಾಪಕ್ಕೆ ಪರಿಹಾರವೆಂದರೆ ಕೆಟ್ಟ ಸಂಬಂಧವನ್ನು ಸರಿಪಡಿಸುವುದು. ಮಾಡಿದ್ದನ್ನು ಮುಚ್ಚಿಡದೆ ಹೇಳಿಕೊಳ್ಳುವುದು ಪಾಪನಿವೇದನೆ. ಅದಕ್ಕಾಗಿ ನೊಂದು, ಹಿಡಿದಿದ್ದ ದಾರಿಯನ್ನು ಬಿಟ್ಟು ದೇವರತ್ತ ತಿರುಗುವುದು ಪಶ್ಚಾತ್ತಾಪ. ತಿರುಗಿದ ಮೇಲೆ ಆ ದಿಕ್ಕಿನಲ್ಲೇ ನಡೆಯುತ್ತೇನೆಂದು ಮತ್ತೆ ಮಾತು ಕೊಡುವುದು ಮರುಸಮರ್ಪಣೆ. ಹೆಸರು ಮೂರಾದರೂ ಆಗುವ ಕೆಲಸ ಒಂದೇ. ತಪ್ಪನ್ನು ಹೇಳಿಕೊಂಡು ಹಗುರಾಗಿ ಮತ್ತೆ ಹಳೆಯ ದಾರಿಗೇ ಇಳಿದವರು ನಡುದಾರಿಯಲ್ಲೇ ನಿಂತಂತೆ. ತಪ್ಪನ್ನು ಒಪ್ಪದೆ ನೇರವಾಗಿ ಹೊಸ ಸಂಕಲ್ಪ ಮಾಡಿದವರು ಹೊರಡಲೇ ಇಲ್ಲ.

ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ಸೀಮೆಯಲ್ಲಿ ಪಾಪ, ಪ್ರಾಯಶ್ಚಿತ್ತ ಎಂಬ ಮಾತುಗಳು ಹೊಳೆಯ ದಡದಲ್ಲೇ ಬೆಳೆದವು. ತಾಯಿಯ ತಲೆ ಕಡಿದ ದೋಷ ಕಳೆದುಕೊಳ್ಳಲು ಪರಶುರಾಮ ತಪಸ್ಸು ಮಾಡಿದ ಜಾಗವಿದು ಎಂದು ನಂಜನಗೂಡಿನ ಸ್ಥಳಪುರಾಣ ಹೇಳುತ್ತದೆ. ಕಾವೇರಿ ಮತ್ತು ಕಪಿಲೆ ಕೂಡುವ ತಿರುಮಕೂಡಲಿನಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುತ್ತಿದೆ. ಸಂಗಮದಲ್ಲಿ ಮುಳುಗೆದ್ದರೆ ಪಾಪ ಕಳೆಯುತ್ತದೆ ಎಂಬ ನಂಬಿಕೆ ಇಲ್ಲಿ ಮನೆಮನೆಯದು. ಈ ತಾಲ್ಲೂಕುಗಳಲ್ಲಿ ಕ್ರೈಸ್ತ ಕುಟುಂಬಗಳ ಸಂಖ್ಯೆ ಚಿಕ್ಕದು. ಕಥೋಲಿಕರು ಮೈಸೂರು ಧರ್ಮಕ್ಷೇತ್ರಕ್ಕೂ ದಕ್ಷಿಣ ಭಾರತ ಸಭೆಯವರು ಕರ್ನಾಟಕ ದಕ್ಷಿಣ ಸಭಾಪ್ರಾಂತ್ಯಕ್ಕೂ ಸೇರುತ್ತಾರೆ. ಪಾಪದ ಬಗ್ಗೆ ಅವರು ಆಡುವ ಮಾತು ನೆರೆಹೊರೆಯವರ ಮಾತೇ. ಪಾಪ ಮನುಷ್ಯನನ್ನು ಕೊರೆಯುತ್ತದೆ, ಅದರಿಂದ ಬಿಡುಗಡೆ ಬೇಕು ಎಂಬಲ್ಲಿ ಇಬ್ಬರದೂ ಒಂದೇ ಅನುಭವ. ಆದರೆ ಬಿಡುಗಡೆ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಕ್ರೈಸ್ತ ಉತ್ತರ ಬೇರೆ. ಕ್ಷಮೆಯನ್ನು ಮನುಷ್ಯ ತನ್ನ ತಪಸ್ಸಿನಿಂದ ಗಳಿಸುವುದಿಲ್ಲ. ಯೇಸುಕ್ರಿಸ್ತನ ಶಿಲುಬೆಯ ಮರಣದಲ್ಲಿ ದೇವರೇ ಮುಂದಾಗಿ ಅದನ್ನು ಕೊಟ್ಟಾಗಿದೆ. ಪಶ್ಚಾತ್ತಾಪವೆಂದರೆ ಆ ಕ್ಷಮೆಯನ್ನು ಪಡೆಯಲು ಕೈಚಾಚುವುದು. ಕ್ರೈಸ್ತರ ಜ್ಞಾನಸ್ನಾನವೂ ನೀರಿನಲ್ಲೇ ಆಗುತ್ತದಾದರೂ ಅದು ಜೀವನದಲ್ಲಿ ಒಮ್ಮೆ ಮಾತ್ರ. ಮುಂದೆ ಬಿದ್ದಾಗಲೆಲ್ಲ ಏಳಲು ಬೇರೆ ಹಾದಿ ಬೇಕಾಯಿತು. ಪಾಪನಿವೇದನೆಯ ಇಡೀ ಚರಿತ್ರೆ ಈ ಅಗತ್ಯದಿಂದ ಹುಟ್ಟಿದ್ದು.

ಬೈಬಲಿನಲ್ಲಿ ಈ ಹಾದಿಯನ್ನು ವ್ಯಕ್ತಿಗಳ ಕಥೆಗಳೇ ತೋರಿಸುತ್ತವೆ. ಊರೀಯನ ಹೆಂಡತಿಯನ್ನು ತನ್ನವಳಾಗಿಸಿಕೊಂಡು, ಊರೀಯನನ್ನು ಯುದ್ಧದಲ್ಲಿ ಕೊಲ್ಲಿಸಿದ ಅರಸ ದಾವೀದನ ಬಳಿಗೆ ಪ್ರವಾದಿ ನಾತಾನ ಬಂದು, ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡ ಸಿರಿವಂತನ ಕಥೆ ಹೇಳುತ್ತಾನೆ. ಅರಸ ಕೆರಳಿ ಆ ಸಿರಿವಂತನಿಗೆ ಮರಣದಂಡನೆ ಸಾರುತ್ತಾನೆ. ಆ ಮನುಷ್ಯ ನೀನೇ ಎಂದು ನಾತಾನ ಹೇಳಿದ ಮೇಲೆ ದಾವೀದನಿಗೆ ತನ್ನ ಮುಖ ಕಾಣುತ್ತದೆ. ಐವತ್ತೊಂದನೆಯ ಕೀರ್ತನೆಯನ್ನು ಪರಂಪರೆ ಈ ಘಳಿಗೆಗೇ ಜೋಡಿಸಿದೆ. ಇತರರ ತಪ್ಪಿಗೆ ತಕ್ಷಣ ತೀರ್ಪು ಕೊಡುವ ಮನಸ್ಸು ತನ್ನ ತಪ್ಪಿಗೆ ಕುರುಡಾಗಿರುತ್ತದೆ ಎಂಬುದನ್ನು ಇದಕ್ಕಿಂತ ನಿಚ್ಚಳವಾಗಿ ಹೇಳಿದ ಕಥೆ ಸಿಗುವುದು ಕಷ್ಟ. ಕನ್ನಡದ ಓದುಗರಿಗೆ ಈ ದನಿ ಹೊಸದಲ್ಲ. ಬಸವಣ್ಣನ ವಚನಗಳಲ್ಲೂ ದಾಸರ ಪದಗಳಲ್ಲೂ ಭಕ್ತ ತನ್ನನ್ನೇ ಕಟಕಟೆಗೆ ಹತ್ತಿಸಿಕೊಳ್ಳುವುದನ್ನು ಅವರು ಕೇಳಿಯೇ ಬೆಳೆದಿದ್ದಾರೆ.

ಲೂಕನ ಸುವಾರ್ತೆಯ ಜಕ್ಕಾಯನ ಕಥೆಯಲ್ಲಿ ಇನ್ನೊಂದು ಮುಖವಿದೆ. ಅವನು ಯೆರಿಕೋ ಪಟ್ಟಣದ ಸುಂಕದವರ ಮುಖ್ಯಸ್ಥ. ಯೇಸು ಅವನ ಮನೆಗೆ ಅತಿಥಿಯಾಗಿ ಹೋದ ದಿನವೇ ಅವನು ಎದ್ದು ನಿಂತು, ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವುದಾಗಿಯೂ ಮೋಸದಿಂದ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ಹಿಂತಿರುಗಿಸುವುದಾಗಿಯೂ ಹೇಳುತ್ತಾನೆ. ಅವನು ಕಣ್ಣೀರು ಹಾಕಿದ ಎಂದು ಸುವಾರ್ತೆ ಎಲ್ಲಿಯೂ ಹೇಳುವುದಿಲ್ಲ. ಅವನ ಪಶ್ಚಾತ್ತಾಪ ಲೆಕ್ಕಪತ್ರದ ಭಾಷೆಯಲ್ಲಿದೆ. ಕಬಿನಿ ನಾಲೆಯ ನೀರಿನ ಸರದಿಯಲ್ಲಿ ಪಕ್ಕದ ಗದ್ದೆಯವರ ಪಾಲನ್ನು ತಿರುಗಿಸಿಕೊಂಡವರು, ರೇಷ್ಮೆ ಗೂಡಿನ ತೂಕದಲ್ಲಿ ಮೋಸ ಮಾಡಿದವರು, ಆಳಿನ ಕೂಲಿಯನ್ನು ಇಂದು ನಾಳೆ ಎಂದು ಮುಂದೂಡಿದವರು ದೇವರ ಮುಂದೆ ಅತ್ತರಷ್ಟೇ ಸಾಲದು. ನೀರು ಬಿಡಬೇಕು, ದುಡ್ಡು ಮರಳಿಸಬೇಕು, ಕೂಲಿ ಕೊಡಬೇಕು. ಬಲಿಪೀಠಕ್ಕೆ ಕಾಣಿಕೆ ತಂದವನು ತನ್ನ ಮೇಲೆ ಸಹೋದರನಿಗೆ ಏನಾದರೂ ದೂರಿದ್ದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗಬೇಕೆಂದು ಯೇಸು ಬೆಟ್ಟದ ಪ್ರಸಂಗದಲ್ಲಿ ಕಲಿಸಿದ್ದರಲ್ಲೂ ಇದೇ ತರ್ಕವಿದೆ. ದೇವರು ಕ್ಷಮಿಸಿದ್ದಾನೆ ಎಂದು ಹೇಳಿಕೊಂಡು ನೊಂದವರ ಎದುರು ಬರದೆ ತಪ್ಪಿಸಿಕೊಳ್ಳುವ ಧಾರ್ಮಿಕತೆಗೆ ಸುವಾರ್ತೆಯಲ್ಲಿ ಆಧಾರವಿಲ್ಲ.

ಮೂರನೆಯವನು ಪೇತ್ರ. ಯೇಸುವನ್ನು ಹಿಡಿದುಕೊಂಡು ಹೋದ ರಾತ್ರಿ ಅವರನ್ನು ಅರಿಯೆನೆಂದು ಮೂರು ಸಲ ಹೇಳಿದವನು. ಪುನರುತ್ಥಾನದ ಬಳಿಕ ಗಲಿಲಾಯದ ಸರೋವರದ ದಡದಲ್ಲಿ ಯೇಸು ಆ ಮಾತನ್ನು ಎತ್ತಿ ಅವನನ್ನು ಹಂಗಿಸುವುದಿಲ್ಲ. ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳಿ, ಮೂರು ಸಲವೂ ತನ್ನ ಕುರಿಗಳನ್ನು ಅವನ ಕೈಗೆ ಒಪ್ಪಿಸುತ್ತಾರೆ. ಕಳೆದುಕೊಂಡ ನಂಬಿಕೆಗೆ ಬದಲಾಗಿ ಸಿಕ್ಕಿದ್ದು ಜವಾಬ್ದಾರಿ. ಮರುಸಮರ್ಪಣೆಯ ಕ್ರೈಸ್ತ ತಿಳಿವಳಿಕೆಗೆಲ್ಲ ಇದು ಮೂಲಮಾದರಿ.

ಬಿದ್ದವರನ್ನು ಮತ್ತೆ ಸೇರಿಸಿಕೊಳ್ಳಬಹುದೇ ಎಂಬ ಪ್ರಶ್ನೆ ಆದಿಸಭೆಯನ್ನು ಹರಿದು ಹಾಕುವ ಮಟ್ಟಕ್ಕೆ ಹೋಗಿತ್ತು. ರೋಮನ್ ಚಕ್ರವರ್ತಿ ಡೀಸಿಯಸ್ ಕ್ರಿ.ಶ. 250ರ ಸುಮಾರಿಗೆ ಎಲ್ಲರೂ ರೋಮಿನ ದೇವತೆಗಳಿಗೆ ಬಲಿಯರ್ಪಿಸಿ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಹೊರಡಿಸಿದ. ಕೆಲವರು ಪ್ರಾಣ ಕೊಟ್ಟರು. ಬಹಳ ಮಂದಿ ಬಲಿಯರ್ಪಿಸಿದರು, ಇನ್ನು ಕೆಲವರು ಲಂಚ ಕೊಟ್ಟು ಸುಳ್ಳು ಪತ್ರ ಪಡೆದರು. ಹಿಂಸೆ ತಣಿದ ಮೇಲೆ ಇವರೆಲ್ಲ ಚರ್ಚಿನ ಬಾಗಿಲಿಗೆ ಮರಳಿದರು. ಇವರಿಗೆ ಈ ಲೋಕದಲ್ಲಿ ಸಭೆಯ ಕ್ಷಮೆ ಇಲ್ಲವೆಂದು ರೋಮಿನ ನೊವೇಶಿಯನ್ ಪಟ್ಟು ಹಿಡಿದ. ಇನ್ನು ಕೆಲವರು ಏನೂ ಆಗಲಿಲ್ಲವೆಂಬಂತೆ ಕೂಡಲೇ ಒಳಗೆ ಬಿಡಬೇಕೆಂದರು. ಕಾರ್ತೇಜಿನ ಬಿಷಪ್ ಸಿಪ್ರಿಯನ್ 251ರಲ್ಲಿ ನಡುದಾರಿ ಹಿಡಿದ: ಯಾರು ಎಷ್ಟರ ಮಟ್ಟಿಗೆ, ಯಾವ ಒತ್ತಡದಲ್ಲಿ ಜಾರಿದರು ಎಂಬುದನ್ನು ನೋಡಬೇಕು; ಪ್ರಾಯಶ್ಚಿತ್ತದ ಅವಧಿ ಕಳೆದ ಮೇಲೆ ಸೇರಿಸಿಕೊಳ್ಳಬೇಕು. ಸಭೆಯ ಬಹುಪಾಲು ಒಪ್ಪಿದ್ದು ಈ ದಾರಿಯನ್ನೇ. ಕಟ್ಟುನಿಟ್ಟಿಗೂ ಕರುಣೆಗೂ ನಡುವೆ ಸಿಪ್ರಿಯನ್ ಹಿಡಿದ ಈ ಸಮತೋಲವೇ ಮುಂದಿನ ಪಾಪನಿವೇದನೆಯ ಪದ್ಧತಿಗೆಲ್ಲ ಬುನಾದಿ.

ಇಂಥದೇ ಪ್ರಶ್ನೆ ಸುಮಾರು ಹದಿನೈದು ಶತಮಾನಗಳ ಬಳಿಕ ಮೈಸೂರು ಸೀಮೆಯಲ್ಲೂ ಎದ್ದಿತು. ಕಾವೇರಿಯ ಹರಿವಿನಲ್ಲಿ ಟಿ. ನರಸೀಪುರಕ್ಕಿಂತ ಮೇಲಿರುವ ಶ್ರೀರಂಗಪಟ್ಟಣಕ್ಕೆ 17ನೇ ಶತಮಾನದ ಮಧ್ಯಭಾಗದಲ್ಲೇ ಇಟಲಿಯ ಜೆಸ್ಯುಯಿಟ್ ಗುರು ಲಿಯೊನಾರ್ಡೊ ಚಿನ್ನಾಮಿ ಬಂದು, ಕನ್ನಡ ಕಲಿತು, ಧರ್ಮೋಪದೇಶ ಆರಂಭಿಸಿದ್ದರು. 1784ರಲ್ಲಿ, ಆಂಗ್ಲರೊಂದಿಗಿನ ಯುದ್ಧದ ಬೆನ್ನಲ್ಲೇ, ಶತ್ರುಗಳಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನನು ಕೆನರಾ ಕರಾವಳಿಯ ಕಥೋಲಿಕರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಹಲವರು ದಾರಿಯಲ್ಲೂ ಸೆರೆಯಲ್ಲೂ ಸತ್ತರು, ಹಲವರನ್ನು ಬಲವಂತದಿಂದ ಮತಾಂತರಿಸಲಾಯಿತು. ಒಟ್ಟು ಎಷ್ಟು ಮಂದಿ ಎಂಬ ಬಗ್ಗೆ ಚರಿತ್ರಕಾರರಲ್ಲಿ ಒಮ್ಮತವಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಒಗ್ಗೂಡಿಸುವ ಹೊಣೆ ಫ್ರೆಂಚ್ ಗುರು ಆಬೆ ದ್ಯುಬುವಾ ಅವರ ಮೇಲೆ ಬಿತ್ತು. 1792ರಲ್ಲಿ ಭಾರತಕ್ಕೆ ಬಂದು, ಇಲ್ಲಿಯವರಂತೆಯೇ ಉಟ್ಟು ಉಂಡು ಬಾಳಿ, ದೊಡ್ಡಸ್ವಾಮಿಯವರು ಎಂದು ಜನರಿಂದ ಕರೆಸಿಕೊಂಡವರು ಅವರು. 1823ರವರೆಗೂ ಈ ನಾಡಿನಲ್ಲಿದ್ದರು.

1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ದ್ಯುಬುವಾ ಬರೆಯುವ ಪ್ರಕಾರ, ಮರಳಿ ಬಂದವರು ತಮ್ಮ ಮತತ್ಯಾಗ ಹೊರಗಿನದಷ್ಟೇ, ಒಳಗೆ ಕ್ರಿಸ್ತನ ಮೇಲಿನ ವಿಶ್ವಾಸವನ್ನು ಬಿಟ್ಟಿರಲಿಲ್ಲ ಎಂದು ಹೇಳಿಕೊಂಡರು. ಹೀಗೆ ತಮ್ಮ ಬಳಿಗೆ ಬಂದವರು ಸುಮಾರು ಎರಡು ಸಾವಿರ, ಮಂಗಳೂರು ಸೀಮೆಗೆ ಹಿಂತಿರುಗಿದವರು ಸುಮಾರು ಇಪ್ಪತ್ತು ಸಾವಿರ ಎಂದೂ ಅವರು ಬರೆದಿದ್ದಾರೆ. ಒಬ್ಬರೂ ಎದ್ದು ನಿಂತು ರಕ್ತಸಾಕ್ಷಿಯಾಗಲಿಲ್ಲವಲ್ಲ ಎಂಬ ನೋವು ಅವರ ಬರಹದಲ್ಲಿ ಎದ್ದು ಕಾಣುತ್ತದೆ. ಆದರೂ ಬಂದವರನ್ನು ಅವರು ತಿರುಗಿ ಕಳುಹಿಸಲಿಲ್ಲ. ಶ್ರೀರಂಗಪಟ್ಟಣದ ಗಂಜಾಮಿನ ಚರ್ಚು ಇಂದಿಗೂ ಅವರ ಹೆಸರಿನೊಂದಿಗೇ ನೆನಪಾಗುತ್ತದೆ. ಕತ್ತಿಯ ಅಂಚಿನಲ್ಲಿ ಬಾಯಿ ಸೋತದ್ದು ಎಷ್ಟರ ಮಟ್ಟಿಗೆ ಪಾಪ ಎಂಬುದನ್ನು ದೂರ ಕುಳಿತವರು ತೂಗಲಾಗದು. ಬಾಯಿ ಸೋತವರೇ ಅದನ್ನು ಮುಚ್ಚಿಡದೆ ಹೇಳಿ, ಮತ್ತೆ ಬಲಿಪೂಜೆಗೆ ಬಂದು ಮೊಣಕಾಲೂರಿದ್ದು ಈ ನಾಡಿನ ಪಶ್ಚಾತ್ತಾಪದ ಚರಿತ್ರೆಯಲ್ಲಿ ದೊಡ್ಡ ಘಟನೆ. ಅದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಆದಿಸಭೆಯ ಪ್ರಾಯಶ್ಚಿತ್ತ ಎಲ್ಲರ ಕಣ್ಣೆದುರು ನಡೆಯುತ್ತಿತ್ತು. ಜೀವಮಾನದಲ್ಲಿ ಒಂದೇ ಸಲ ಸಿಗುತ್ತಿತ್ತು. ಗುರುವಿನ ಕಿವಿಯಲ್ಲಿ ಗುಟ್ಟಾಗಿ, ಬೇಕಾದಷ್ಟು ಸಲ ಹೇಳಿಕೊಳ್ಳುವ ರೂಢಿಯನ್ನು ಆರು, ಏಳನೆಯ ಶತಮಾನಗಳಲ್ಲಿ ಐರ್ಲೆಂಡಿನ ಸನ್ಯಾಸಿಗಳು ಯೂರೋಪಿನಲ್ಲಿ ಹಬ್ಬಿಸಿದರು. ವಿವೇಕದ ವಯಸ್ಸಿಗೆ ಬಂದ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂದು 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ವಿಧಿಸಿತು. 1551ರಲ್ಲಿ ಟ್ರೆಂಟ್ ಮಹಾಸಭೆ ಇದರ ಅಂಗಗಳನ್ನು ಖಚಿತಗೊಳಿಸಿತು: ಮನಸ್ಸಿನ ನೋವು, ಬಾಯಿಯ ನಿವೇದನೆ, ಪ್ರಾಯಶ್ಚಿತ್ತದ ಕಾರ್ಯ, ಇವುಗಳ ಮೇಲೆ ಗುರುವಿನ ಪಾಪವಿಮೋಚನೆಯ ಮಾತು. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ 1973ರಲ್ಲಿ ಹೊರಬಂದ ಹೊಸ ವಿಧಿ, ಸಂಸ್ಕಾರದ ಒತ್ತನ್ನು ದೇವರೊಂದಿಗೂ ಸಭೆಯೊಂದಿಗೂ ಆಗುವ ಸಂಧಾನದ ಕಡೆಗೆ ತಿರುಗಿಸಿತು.

ಇಂದಿನ ಕಥೋಲಿಕ ಧರ್ಮಕೇಂದ್ರಗಳಲ್ಲಿ ಇದರ ಋತು ತಪಸ್ಸುಕಾಲ. ವಿಭೂತಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಳ್ಳುವಲ್ಲಿಂದ ಹಿಡಿದು ಪಾಸ್ಖದವರೆಗೆ ನಲವತ್ತು ದಿನ ಪ್ರಾರ್ಥನೆ, ಉಪವಾಸ, ದಾನ. ಶುಕ್ರವಾರಗಳಂದು ಶಿಲುಬೆಯ ಹಾದಿ. ಪವಿತ್ರ ವಾರ ಹತ್ತಿರವಾದಂತೆ ಪಾಪನಿವೇದನೆಗೆ ಸಾಲು ನಿಲ್ಲುತ್ತದೆ. ಹೋಗುವವರು ಮೊದಲು ಆತ್ಮಪರಿಶೋಧನೆ ಮಾಡಿಕೊಳ್ಳಬೇಕು: ಹತ್ತು ಆಜ್ಞೆಗಳ ಮುಂದೆ, ಮನೆಯವರ ಮುಂದೆ, ಕೆಲಸದ ಜಾಗದ ಮುಂದೆ ತನ್ನನ್ನು ನಿಲ್ಲಿಸಿಕೊಂಡು ಕೇಳಿಕೊಳ್ಳಬೇಕು. ಕೇಳಿದ್ದನ್ನು ಗುರು ಯಾರಿಗೂ, ಯಾವ ಕಾರಣಕ್ಕೂ ಹೇಳುವಂತಿಲ್ಲ. ಹೇಳಿದರೆ ಸಭೆಯ ಅತಿ ಕಠಿಣ ಶಿಕ್ಷೆಗೆ ಗುರಿಯಾಗುತ್ತಾರೆ. ಎಲ್ಲರಿಗೂ ಎಲ್ಲರ ಮನೆಯ ಸುದ್ದಿ ಗೊತ್ತಿರುವ ಹಳ್ಳಿಯಲ್ಲಿ ಈ ಗುಟ್ಟಿನ ಬೆಲೆ ನಗರದವರಿಗೆ ಅಷ್ಟು ಸುಲಭವಾಗಿ ತಿಳಿಯದು. ನಾಚಿಕೆಯಿಂದ ಯಾರ ಬಳಿಯೂ ಬಾಯಿಬಿಡಲಾಗದ ಮಾತಿಗೆ ಊರಿನಲ್ಲಿ ಅದೊಂದೇ ಜಾಗ ಇರಬಹುದು. ಪಾಸ್ಖ ಜಾಗರಣೆಯ ರಾತ್ರಿ ಕೈಯಲ್ಲಿ ಮೇಣದ ಬತ್ತಿ ಹಿಡಿದು ಇಡೀ ಸಭೆ ಸೈತಾನನನ್ನು ತ್ಯಜಿಸಿ, ಜ್ಞಾನಸ್ನಾನದ ವಾಗ್ದಾನಗಳನ್ನು ನವೀಕರಿಸುತ್ತದೆ. ನಲವತ್ತು ದಿನದ ಪಶ್ಚಾತ್ತಾಪ ಹೋಗಿ ಸೇರುವುದು ಈ ಮಾತಿನಲ್ಲೇ. ಸಾಲಿನಲ್ಲಿ ನಿಂತು ಪಾಪ ಹೇಳಿಕೊಂಡವರು ಈ ರಾತ್ರಿಯನ್ನು ತಪ್ಪಿಸಿಕೊಂಡರೆ ತಪಸ್ಸುಕಾಲದ ಅರ್ಧ ಭಾಗವನ್ನು ಕಳೆದುಕೊಂಡಂತೆ.

ಪ್ರಾಟೆಸ್ಟೆಂಟ್ ಪರಂಪರೆ ಗುರುವಿನ ಕಿವಿಯನ್ನು ಕಡ್ಡಾಯವಾಗಿ ಉಳಿಸಿಕೊಳ್ಳಲಿಲ್ಲ. ವಿಶ್ವಾಸಿಯ ಬದುಕೆಲ್ಲ ಪಶ್ಚಾತ್ತಾಪವೇ ಆಗಿರಬೇಕು ಎಂಬುದು 1517ರ ಲೂಥರನ ತೊಂಬತ್ತೈದು ಹೇಳಿಕೆಗಳಲ್ಲಿ ಮೊದಲನೆಯದರ ಸಾರ. ಮೈಸೂರು ಸಂಸ್ಥಾನದಲ್ಲಿ ಈ ಪರಂಪರೆ ಹೆಚ್ಚಾಗಿ ಬಂದದ್ದು 19ನೇ ಶತಮಾನದ ವೆಸ್ಲಿಯನ್ ಮಿಷನ್ನಿನ ಮೂಲಕ. ಶಾಲೆ, ಆಸ್ಪತ್ರೆ, ಮುದ್ರಣಾಲಯಗಳಿಂದ ಅದು ಹೆಸರಾಯಿತು. ಅದರ ಜೊತೆಗೆ ಬಂದ ಇನ್ನೊಂದು ಆಸ್ತಿ ವರ್ಗಕೂಟ. ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ 1742ರಲ್ಲಿ ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿಯ ಸಂಘದ ಕಟ್ಟಡದ ಸಾಲ ತೀರಿಸಲು ಸದಸ್ಯರನ್ನು ಹನ್ನೆರಡು ಜನರ ಗುಂಪುಗಳಾಗಿ ಹಂಚಿ, ವಾರಕ್ಕೊಂದು ಪೆನ್ನಿ ಎತ್ತಲು ಒಬ್ಬ ನಾಯಕನನ್ನು ನೇಮಿಸಲಾಯಿತು. ಮನೆಮನೆಗೆ ಹೋದ ನಾಯಕರಿಗೆ ಕುಡಿತ, ಜಗಳಗಳು ಕಣ್ಣಿಗೆ ಬಿದ್ದವು. ವೆಸ್ಲಿ ಆ ವ್ಯವಸ್ಥೆಯನ್ನೇ ಆತ್ಮಗಳ ಆರೈಕೆಗೆ ತಿರುಗಿಸಿದ. ವಾರಕ್ಕೊಮ್ಮೆ ಸೇರಿ ಒಬ್ಬೊಬ್ಬರೂ ತಮ್ಮ ಸೋಲು ಗೆಲುವುಗಳನ್ನು ಹೇಳಿಕೊಳ್ಳುವುದು, ಉಳಿದವರು ಅವರಿಗಾಗಿ ಪ್ರಾರ್ಥಿಸುವುದು ಅದರ ಕ್ರಮವಾಯಿತು. ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆ ಮಾಡಿಕೊಳ್ಳಿ ಎಂಬ ಯಾಕೋಬನ ಪತ್ರದ ಬುದ್ಧಿವಾದಕ್ಕೆ ಸಿಕ್ಕ ಪ್ರಾಮಾಣಿಕ ರೂಪ ಇದು.

ವೆಸ್ಲಿ ಬಿಟ್ಟುಹೋದ ಮತ್ತೊಂದು ಕೊಡುಗೆ ಒಡಂಬಡಿಕೆಯ ಆರಾಧನೆ. 1755ರ ಆಗಸ್ಟ್ 11ರಂದು ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನ ಫ್ರೆಂಚ್ ಚರ್ಚಿನಲ್ಲಿ ಸುಮಾರು 1,800 ಜನ ಎದ್ದು ನಿಂತು ದೇವರೊಂದಿಗೆ ಒಪ್ಪಂದ ಮಾಡಿಕೊಂಡರು. ಅದರ ಮಾತುಗಳನ್ನು ವೆಸ್ಲಿ ಹಿಂದಿನ ಶತಮಾನದ ಪ್ಯೂರಿಟನ್ ಲೇಖಕ ರಿಚರ್ಡ್ ಆಲೀನ್‌ನಿಂದ ಪಡೆದಿದ್ದ. ಮುಂದೆ ಮೆಥಡಿಸ್ಟರಲ್ಲಿ ಇದು ಹೊಸ ವರ್ಷದ ಆರಂಭದ ಆರಾಧನೆಯಾಯಿತು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಮೆಥಡಿಸ್ಟರು ಈ ನಿಧಿಯನ್ನೂ ತಮ್ಮೊಂದಿಗೆ ತಂದರು. ಈ ಆರಾಧನೆಯಲ್ಲಿ ವಿಶ್ವಾಸಿ ದೇವರೊಂದಿಗೆ ಷರತ್ತು ಹಾಕುವುದಿಲ್ಲ. ತನ್ನನ್ನು ಯಾವ ಕೆಲಸಕ್ಕೆ ಬೇಕಾದರೂ ಹಚ್ಚಬಹುದು, ಬೇಡವೆಂದು ಬದಿಗಿಡಲೂಬಹುದು, ಎರಡಕ್ಕೂ ಒಪ್ಪಿಗೆ ಎಂದು ಹೇಳುತ್ತಾನೆ. ಹರಕೆಯಲ್ಲಿ ಇದಾದರೆ ಅದು ಕೊಡುತ್ತೇನೆ ಎಂಬ ಲೆಕ್ಕವಿರುತ್ತದೆ. ಒಡಂಬಡಿಕೆಯಲ್ಲಿ ಅದಿಲ್ಲ. ಇದೇ ಸಭೆ 1950ರಲ್ಲಿ ಹೊರತಂದ ಪ್ರಭುಭೋಜನದ ವಿಧಿಯಲ್ಲಿ, ಎಲ್ಲರೂ ಸೇರಿ ಪಾಪ ಅರಿಕೆ ಮಾಡಿಕೊಂಡ ಬಳಿಕ, ಕಾಣಿಕೆಗೆ ಮುಂಚೆ, ಒಬ್ಬರಿಂದೊಬ್ಬರಿಗೆ ಕೈಯಿಂದ ಕೈಗೆ ಸಮಾಧಾನ ದಾಟಿಸುವ ಪ್ರಾಚೀನ ಪದ್ಧತಿ ಮರಳಿತು. ಬೆಟ್ಟದ ಪ್ರಸಂಗದ ಮಾತು ಹೀಗೆ ಆರಾಧನೆಯ ನಡುವೆಯೇ ಬಂದು ನಿಂತಿತು.

ಇತ್ತೀಚಿನ ದಶಕಗಳಲ್ಲಿ ಬೆಳೆದ ಪೆಂತೆಕೊಸ್ತ ಸಭೆಗಳಲ್ಲೂ ಉಜ್ಜೀವನ ಕೂಟಗಳಲ್ಲೂ ಪಶ್ಚಾತ್ತಾಪದ ರೂಪ ಸಾಕ್ಷಿ ಹೇಳುವುದು. ಹಿಂದಿನ ಬದುಕು, ದೇವರು ಹಿಡಿದು ನಿಲ್ಲಿಸಿದ ಕ್ಷಣ, ಈಗಿನ ಬದುಕು ಎಂದು ಎಲ್ಲರೆದುರು ಹೇಳುವ ಈ ಮಾತು ಕುಡಿತಕ್ಕೆ ಸಿಕ್ಕಿದ್ದ ಎಷ್ಟೋ ಮನೆಗಳನ್ನು ಎತ್ತಿ ನಿಲ್ಲಿಸಿದೆ. ಆದರೆ ಒಬ್ಬರ ಸಾಕ್ಷಿಯಲ್ಲಿ ಮತ್ತೊಬ್ಬರ ಗುಟ್ಟು ಬೀದಿಗೆ ಬರಬಾರದು. ಹಳೆಯ ಪಾಪವನ್ನು ಬಣ್ಣಿಸುವುದರಲ್ಲೇ ಸುಖ ಸಿಗತೊಡಗಿದರೆ ಪಶ್ಚಾತ್ತಾಪದ ಜಾಗದಲ್ಲಿ ಬೇರೇನೋ ಕೂತಿದೆ ಎಂದೇ ತಿಳಿಯಬೇಕು.

ಮತ್ತೆ ಮತ್ತೆ ಅದೇ ಪಾಪಕ್ಕೆ ಬೀಳುವವರ ಗತಿ ಏನು? ಕ್ಷಮೆ ಎಷ್ಟು ಸಲ ಎಂದು ಪೇತ್ರ ಕೇಳಿದಾಗ ಯೇಸು ಲೆಕ್ಕಕ್ಕೆ ಸಿಗದಷ್ಟು ಎಂಬರ್ಥದ ಉತ್ತರ ಕೊಟ್ಟರು. ಮನುಷ್ಯರಿಂದಲೇ ಅಷ್ಟನ್ನು ಕೇಳುವ ದೇವರು ತಾನು ಕಡಿಮೆ ಕೊಡಲಾರ. ಇಲ್ಲಿ ಎರಡು ಕಡೆಯ ಅಪಾಯಗಳಿವೆ. ಹೇಗೂ ಕ್ಷಮೆ ಇದೆ ಎಂದು ಪಾಪ ಮಾಡುವುದು ಒಂದು. ಕ್ಷಮೆ ಸಿಕ್ಕಿದ ಮೇಲೂ ನಂಬದೆ, ಹೇಳಿದ್ದನ್ನೇ ಹೇಳುತ್ತಾ ತನ್ನನ್ನು ತಾನೇ ಕಡಿದುಕೊಳ್ಳುವುದು ಇನ್ನೊಂದು. ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನೂ ಪೇತ್ರನೂ ಒಂದೇ ರಾತ್ರಿ ಗುರುವಿಗೆ ದ್ರೋಹ ಮಾಡಿದರು, ಇಬ್ಬರೂ ನೊಂದರು. ಯೂದ ನೋವನ್ನು ಹೊತ್ತು ಒಬ್ಬನೇ ಕತ್ತಲಿಗೆ ಹೋದ. ಪೇತ್ರ ಉಳಿದ ಶಿಷ್ಯರ ಜೊತೆಗೇ ಉಳಿದ, ಹಾಗಾಗಿ ಯೇಸು ಬಂದಾಗ ಅಲ್ಲಿದ್ದ. ಎರಡನೆಯ ಅಪಾಯಕ್ಕೆ ಸಿಕ್ಕವರಿಗೆ ಹಿರಿಯ ಗುರುಗಳು ಇನ್ನಷ್ಟು ಪ್ರಾಯಶ್ಚಿತ್ತ ವಿಧಿಸುವುದಿಲ್ಲ. ಒಬ್ಬರೇ ಮಾರ್ಗದರ್ಶಕರ ಮಾತಿಗೆ ಬದ್ಧರಾಗಿರಲು ಹೇಳುತ್ತಾರೆ.

ಕೊನೆಯದು, ಎಲ್ಲಕ್ಕಿಂತ ಕಡಿಮೆ ಹೇಳಿಕೊಂಡ ಪಾಪ: ಒಬ್ಬರದಲ್ಲದ, ಎಲ್ಲರೂ ಕೂಡಿ ಮಾಡಿದ್ದು. ಎರಡನೆಯ ಜಾನ್ ಪಾಲ್ ಪೋಪರು 2000ದ ಮಾರ್ಚ್ 12ರಂದು ರೋಮಿನಲ್ಲಿ ಸಭೆಯ ಮಕ್ಕಳು ಶತಮಾನಗಳಲ್ಲಿ ಎಸಗಿದ ತಪ್ಪುಗಳಿಗಾಗಿ ಬಹಿರಂಗವಾಗಿ ದೇವರ ಕ್ಷಮೆ ಬೇಡಿದರು. ಭಾರತದ ಸಭೆ ಇಂಥ ತಪ್ಪುಗಳ ಪಟ್ಟಿ ಮಾಡಿದರೆ ಅದರ ಮೊದಲ ಸಾಲು ಜಾತಿ. ದಕ್ಷಿಣದ ಹಲವು ಚರ್ಚುಗಳಲ್ಲಿ ಬೇರೆ ಬೇರೆ ಸಾಲು, ಬೇರೆ ಬೇರೆ ಸ್ಮಶಾನ ಇದ್ದದ್ದು ಚರಿತ್ರೆ. ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಷನ್ನಿಗೂ ಇತರ ಮಿಷನ್ನುಗಳಿಗೂ ಬಂದ ಹಳ್ಳಿಗರಲ್ಲಿ ಅನೇಕರು ಅಸ್ಪೃಶ್ಯತೆಯ ಏಟು ತಿಂದವರು. ದೇವರ ಮಕ್ಕಳೆಲ್ಲ ಒಂದೇ ಎಂಬ ಮಾತನ್ನು ನಂಬಿ ಬಂದವರು. ಅವರನ್ನು ಪ್ರಭುಭೋಜನದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಮದುವೆಯ ಮಾತು ಬಂದಾಗ ದೂರ ಸರಿಯುವುದು ನಿವೇದಿಸಬೇಕಾದ ಪಾಪವೇ. 2016ರ ಡಿಸೆಂಬರಿನಲ್ಲಿ ಭಾರತದ ಕಥೋಲಿಕ ಬಿಷಪರ ಮಂಡಳಿ ಹೊರತಂದ ದಲಿತ ಸಬಲೀಕರಣ ನೀತಿ, ಸಭೆಯೊಳಗಿನ ಜಾತಿಭೇದವನ್ನು ಪಾಪವೆಂದೇ ಒಪ್ಪಿಕೊಂಡಿತು. ಜಕ್ಕಾಯನ ಅಳತೆಯಲ್ಲಿ ಈ ನಿವೇದನೆ ಪೂರ್ಣವಾಗಬೇಕಾದರೆ ಶಾಲೆಯ ಸೀಟು, ಸಂಸ್ಥೆಗಳ ಕೆಲಸ, ಗುರುದೀಕ್ಷೆ, ಧರ್ಮಕೇಂದ್ರದ ಪಾಲನಾ ಸಮಿತಿಯ ಕುರ್ಚಿ, ಇವೆಲ್ಲದರಲ್ಲೂ ಕಿತ್ತುಕೊಂಡದ್ದು ಅವರಿಗೆ ಮರಳಬೇಕು.